ವೈದ್ಯರ ಮಾತು, ರೋಗಿಯ ಒಪ್ಪಿಗೆ

ಎರಡು ಕುಂಡಗಳ ಪ್ರಯೋಗ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಒಂದೇ ಜಾತಿಯ, ಒಂದೇ ಎತ್ತರದ ಎರಡು ಸಸಿಗಳು. ಒಂದು ಬಿಸಿಲಿನಲ್ಲಿ, ಇನ್ನೊಂದು ಕತ್ತಲೆಯ ಕೋಣೆಯಲ್ಲಿ. ಮಣ್ಣು, ನೀರು ಎರಡಕ್ಕೂ ಸಮ. ಕೆಲವು ದಿನಗಳ ಬಳಿಕ ಕಾಣುವ ವ್ಯತ್ಯಾಸಕ್ಕೆ ಬೆಳಕೇ ಕಾರಣವೆಂದು ಧೈರ್ಯವಾಗಿ ಹೇಳಬಹುದು.

ಒಂದು ಚಿಕಿತ್ಸೆ ಇನ್ನೊಂದಕ್ಕಿಂತ ಮೇಲೋ ಅಲ್ಲವೋ ಎಂದು ತಿಳಿಯಲು ವೈದ್ಯವಿಜ್ಞಾನ ಹಿಡಿಯುವ ದಾರಿಯೂ ಇದೇ. ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಚಿಕಿತ್ಸೆ ಕೊಟ್ಟು ಫಲಿತಾಂಶವನ್ನು ಹೋಲಿಸುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಇಲ್ಲವಾದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಗುಂಪಿಗೆ ಸೇರಿ ಲೆಕ್ಕ ತಪ್ಪೀತು.

ಆದರೆ ಸಸಿಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಮನುಷ್ಯನನ್ನು ಕೇಳಲೇಬೇಕು. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದು ಕಂಗಾಲಾದವರಿಗೆ ‘ಯಾವ ಚಿಕಿತ್ಸೆ ಮೇಲೆಂದು ನಮಗೂ ಖಚಿತವಾಗಿ ಗೊತ್ತಿಲ್ಲ’ ಎಂದು ಹೇಳುವುದು ಹೇಗೆ? ಸ್ತನ ಕ್ಯಾನ್ಸರಿಗೆ ಇಡೀ ಸ್ತನವನ್ನು ತೆಗೆಯಬೇಕೋ, ಗಡ್ಡೆಯನ್ನಷ್ಟೇ ತೆಗೆದರೆ ಸಾಕೋ ಎಂದು ತಿಳಿಯಲು 1976ರಲ್ಲಿ ಉತ್ತರ ಅಮೆರಿಕದಲ್ಲಿ ದೊಡ್ಡ ಅಧ್ಯಯನವೊಂದು ಆರಂಭವಾಯಿತು. ಅದಕ್ಕೆ ರೋಗಿಗಳು ಬರುವುದೇ ನಿಧಾನವಾಯಿತು. ಅರ್ಹ ರೋಗಿಗಳನ್ನು ಏಕೆ ಸೇರಿಸಲಿಲ್ಲವೆಂದು ಶಸ್ತ್ರವೈದ್ಯರನ್ನೇ ಕೇಳಿದ ಸಮೀಕ್ಷೆ 1984ರಲ್ಲಿ ಪ್ರಕಟವಾಯಿತು. ಹಾಗೆ ಮಾಡಿದರೆ ರೋಗಿಗೂ ತಮಗೂ ಇರುವ ಸಂಬಂಧ ಕೆಟ್ಟೀತೆಂಬ ಅಳುಕನ್ನು ಶೇಕಡಾ 73 ಮಂದಿ ಹೇಳಿಕೊಂಡಿದ್ದರು. ಅಡ್ಡಿ ರೋಗಿಯ ಭಯವೊಂದೇ ಆಗಿರಲಿಲ್ಲ. ಬಾಯಿ ಬಿಡಲಾರದ ವೈದ್ಯರ ಸಂಕೋಚವೂ ಆಗಿತ್ತು.

ಈ ಗಂಟನ್ನು ಬಿಚ್ಚುವ ಒಂದು ಉಪಾಯ ಬ್ರಿಟನ್ನಿನಲ್ಲಿ ಸಿಕ್ಕಿತು. ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗಿರುವ ಪುಟ್ಟ ಗ್ರಂಥಿ. ಅದರ ಕ್ಯಾನ್ಸರ್ ಅನೇಕರಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಹಾಗಿದ್ದಲ್ಲಿ ಶಸ್ತ್ರಚಿಕಿತ್ಸೆ ಮೇಲೋ, ವಿಕಿರಣ ಚಿಕಿತ್ಸೆ ಮೇಲೋ, ಸದ್ಯಕ್ಕೆ ಏನೂ ಮಾಡದೆ ಆಗಾಗ ರಕ್ತ ಪರೀಕ್ಷೆ ಮಾಡುತ್ತ ನಿಗಾ ಇಡುವುದು ಮೇಲೋ? ಇದನ್ನು ತಿಳಿಯಲು 1999ರಲ್ಲಿ ‘ಪ್ರೊಟೆಕ್ಟ್’ ಎಂಬ ಅಧ್ಯಯನ ಆರಂಭವಾಯಿತು. ಮೊದಮೊದಲು ಚೀಟಿಯ ತೀರ್ಮಾನಕ್ಕೆ ಒಪ್ಪಿದವರು ಶೇಕಡಾ 30ರಿಂದ 40 ಮಾತ್ರ.

ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೆನ್ನಿ ಡೊನೊವನ್ ಮತ್ತು ಸಂಗಡಿಗರು ಅನುಮತಿ ಪಡೆದು ಆಸ್ಪತ್ರೆಯ ಮಾತುಕತೆಗಳನ್ನು ಧ್ವನಿಮುದ್ರಿಸಿಕೊಂಡು ಕೇಳಿದರು. ರೋಗಿಗಳನ್ನೂ ಮಾತನಾಡಿಸಿದರು. ಆಗ ಬೆಳಕಿಗೆ ಬಂದ ಸಂಗತಿ ಕುತೂಹಲಕರ. ವೈದ್ಯರು ಆಡಿದ ಮಾತೇ ಒಂದು, ರೋಗಿಗೆ ಆದ ಅರ್ಥವೇ ಇನ್ನೊಂದು! ‘ನಿಗಾ ಇಟ್ಟು ಕಾಯುವುದು’ ಎಂದರೆ ಕೆಲವರಿಗೆ ‘ಸಾಯುವುದನ್ನು ನೋಡುತ್ತಾ ಕೂರುವುದು’ ಎಂದು ಕೇಳಿಸಿತ್ತು. ‘ಹತ್ತು ವರ್ಷದ ಉಳಿವು’ ಎಂದಾಗ ‘ಹತ್ತೇ ವರ್ಷ ಆಯುಷ್ಯ’ ಎಂದು ಎದೆ ಧಸಕ್ಕೆಂದಿತ್ತು. ‘ಟ್ರಯಲ್’ ಎಂದರೆ ‘ಹಾಗೇ ಮಾಡಿ ನೋಡೋಣ’ ಎಂಬಂತೆ ತೋರಿತ್ತು. ಶಸ್ತ್ರಚಿಕಿತ್ಸೆ, ವಿಕಿರಣಗಳನ್ನು ವಿಸ್ತಾರವಾಗಿ ಬಣ್ಣಿಸಿ, ನಿಗಾ ಇಡುವುದನ್ನು ಕೊನೆಗೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದುದೂ ಕಂಡುಬಂತು.

ತಿದ್ದುಪಡಿ ಸರಳವಾಗಿತ್ತು. ‘ಕಾಯುವುದು’ ಹೋಗಿ ‘ಸಕ್ರಿಯ ನಿಗಾ’ ಬಂತು. ‘ಟ್ರಯಲ್’ ಬದಲು ‘ಅಧ್ಯಯನ’ ಎಂದರು. ಹತ್ತು ವರ್ಷದ ನಂತರವೂ ಹೆಚ್ಚಿನವರು ಬದುಕಿರುತ್ತಾರೆ ಎಂದು ಬಿಡಿಸಿ ಹೇಳಿದರು. ಮೂರು ದಾರಿಗಳ ಗುಣದೋಷಗಳನ್ನೂ ಸಮವಾಗಿ ವಿವರಿಸಿದರು. 2001ರ ಹೊತ್ತಿಗೆ ಒಪ್ಪಿದವರ ಪ್ರಮಾಣ ಶೇಕಡಾ 70ಕ್ಕೆ ಏರಿತ್ತು. ಇದು ಪುಸಲಾಯಿಸಿ ಪಡೆದ ಒಪ್ಪಿಗೆಯಲ್ಲ. ಒಪ್ಪದವರು ತಮಗೆ ಬೇಕಾದ ಚಿಕಿತ್ಸೆಯನ್ನೇ ಪಡೆಯಬಹುದಿತ್ತು, ಪಡೆದರೂ ಕೂಡ.

ಅಂತಿಮವಾಗಿ 1,643 ಮಂದಿ ಚೀಟಿಯ ತೀರ್ಮಾನಕ್ಕೆ ಒಪ್ಪಿದ್ದರು. ಸುಮಾರು 15 ವರ್ಷಗಳ ಫಲಿತಾಂಶ 2023ರಲ್ಲಿ ಹೊರಬಂತು. ಮೂರೂ ಗುಂಪುಗಳಿಂದ ಈ ಕ್ಯಾನ್ಸರಿಗೆ ಬಲಿಯಾದವರು 45 ಮಂದಿ, ಅಂದರೆ ಶೇಕಡಾ 3ಕ್ಕೂ ಕಡಿಮೆ. ಗುಂಪುಗಳ ನಡುವೆ ಸಾವಿನಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ನಿಗಾದಲ್ಲಿದ್ದವರಲ್ಲಿ ರೋಗ ಬೇರೆಡೆಗೆ ಹರಡಿದ್ದು ಹೆಚ್ಚು. ಶಸ್ತ್ರಚಿಕಿತ್ಸೆಯಾದವರಲ್ಲಿ ಮೂತ್ರ ಹಿಡಿದಿಡಲಾಗದ ತೊಂದರೆ ಹೆಚ್ಚು. ಇಂದು ಈ ಕಾಯಿಲೆ ಬಂದವರು ಗಾಬರಿಯಾಗದೆ ಸಾವಧಾನವಾಗಿ ಯೋಚಿಸಲು ಸಾಧ್ಯವಾಗಿರುವುದು ಆ ಒಪ್ಪಿಗೆಗಳಿಂದಲೇ.

ಕನ್ನಡಿಗರಿಗೂ ಇದರಲ್ಲಿ ಪಾಠವಿದೆ. ‘ಪ್ರಯೋಗ’ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಪ್ರಯೋಗಶಾಲೆಯ ಇಲಿ, ಮೊಲಗಳೇ. ಹೊಸ ಔಷಧಗಳ ಪರೀಕ್ಷೆಗೆ ಸಂಬಂಧಿಸಿದ ಭಾರತದ 2019ರ ನಿಯಮಗಳ ಪ್ರಕಾರ, ಪಾಲ್ಗೊಳ್ಳುವವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ, ಬಾಯಿಮಾತಿನಲ್ಲೂ ಬರಹದಲ್ಲೂ ವಿವರಿಸಲೇಬೇಕು. ಕನ್ನಡ ಮಾತ್ರ ಬಲ್ಲವರಿಗೆ ಕನ್ನಡದಲ್ಲೇ ವಿವರಿಸಬೇಕೆಂದು ಇದರ ಅರ್ಥ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಆದರೆ ಕಾಯಿಲೆಯ ಹೆಸರನ್ನೇ ರೋಗಿಯಿಂದ ಮುಚ್ಚಿಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹೆಸರೇ ತಿಳಿಯದವರು ಯಾವುದಕ್ಕೆ ಒಪ್ಪಿಗೆ ಕೊಟ್ಟಾರು?

ಆಸ್ಪತ್ರೆಯಲ್ಲಿ ಅಜ್ಜಿಗೋ ತಾತನಿಗೋ ಕಾಗದ ಓದಿ ಹೇಳುವ ಹೊಣೆ ಅನೇಕ ವೇಳೆ ಮನೆಯ ವಿದ್ಯಾರ್ಥಿಯ ಪಾಲಿಗೆ ಬರುತ್ತದೆ. ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರೆ ಸಾಲದು. ಯಾವ ಯಾವ ಚಿಕಿತ್ಸೆಗಳಿವೆ, ತೊಂದರೆಗಳೇನು, ಒಪ್ಪದಿದ್ದರೆ ಏನು ದೊರೆಯುತ್ತದೆ ಎಂದು ವೈದ್ಯರನ್ನು ಕೇಳಬೇಕು. ಬಳಿಕ ‘ನಿಮಗೆ ಏನು ಅರ್ಥವಾಯಿತು, ಹೇಳಿ’ ಎಂದು ಅಜ್ಜಿಯನ್ನೂ ಕೇಳಬೇಕು. ಉತ್ತರ ಬೇರೆಯೇ ಬಂದರೆ ಇನ್ನೊಮ್ಮೆ ವಿವರಿಸಿರೆಂದು ವೈದ್ಯರನ್ನು ಕೇಳಲು ಹಿಂಜರಿಯಬೇಕಾಗಿಲ್ಲ.