ಅಳತೆಯ ಮರ್ಯಾದೆ

2009ನೆಯ ಇಸವಿ ಆಗಸ್ಟ್ 16ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಸ್ಪರ್ಧೆಯಲ್ಲಿ ಜಮೈಕ ದೇಶದ ಉಸೇನ್ ಬೋಲ್ಟ್ ನೂರು ಮೀಟರ್ ದೂರವನ್ನು 9.58 ಸೆಕೆಂಡುಗಳಲ್ಲಿ ಓಡಿದರು. ಹಿಂದಿನ ವರ್ಷ ಬೀಜಿಂಗ್ ಒಲಿಂಪಿಕ್ ಕೂಟದಲ್ಲಿ ಅವರೇ ಸ್ಥಾಪಿಸಿದ್ದ 9.69 ಸೆಕೆಂಡುಗಳ ದಾಖಲೆ ಅಂದು ಮುರಿದುಬಿದ್ದಿತು. ಬರ್ಲಿನ್ನಿನ ಆ ದಾಖಲೆಯನ್ನು ಇಂದಿನವರೆಗೂ ಯಾರೂ ಮೀರಿಲ್ಲ.

ಆದರೆ 2020ರ ಫೆಬ್ರವರಿಯಲ್ಲಿ, ಕರ್ನಾಟಕದ ಯುವಕನೊಬ್ಬ ಅದನ್ನು ಮೀರಿಬಿಟ್ಟನೆಂಬ ಸುದ್ದಿ ದೇಶದ ತುಂಬ ಹಬ್ಬಿತು. ದಕ್ಷಿಣ ಕನ್ನಡ ಜಿಲ್ಲೆಯ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆಯಲ್ಲಿ 142.5 ಮೀಟರ್ ಉದ್ದದ ಕೆಸರುಗದ್ದೆಯನ್ನು 13.62 ಸೆಕೆಂಡುಗಳಲ್ಲಿ ದಾಟಿದ್ದರು. ಯಾರೋ ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಸೆಕೆಂಡು ಎಂಬ ಉತ್ತರ ಬಂದಿತು. ಅಷ್ಟರಿಂದಲೇ ಜಯಘೋಷ ಮೊಳಗಿತು.

ಲೆಕ್ಕದಲ್ಲಿ ದೋಷವಿರಲಿಲ್ಲ, ತಿಳಿವಳಿಕೆಯಲ್ಲಿತ್ತು. ಓಟಗಾರನು ನಿಂತ ನೆಲೆಯಿಂದ ಹೊರಟು ವೇಗವನ್ನು ಗಳಿಸಬೇಕು. ಆದುದರಿಂದ ಮೊದಲ ಹೆಜ್ಜೆಗಳಿಗೆ ಹೆಚ್ಚು ಕಾಲ ಹಿಡಿಯುತ್ತದೆ. ದೂರ ತುಸು ಹೆಚ್ಚಿದರೆ ಆ ನಷ್ಟವು ಹಂಚಿಹೋಗಿ ಸರಾಸರಿಯು ಉತ್ತಮವಾಗಿ ತೋರುತ್ತದೆ. ಬೋಲ್ಟರೇ ಇದಕ್ಕೆ ನಿದರ್ಶನ. ಬರ್ಲಿನ್ ಓಟಕ್ಕೆ ಮೂರು ತಿಂಗಳು ಮುಂಚೆ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬೀದಿಯೊಂದರಲ್ಲಿ ಅವರು 150 ಮೀಟರ್ ದೂರವನ್ನು 14.35 ಸೆಕೆಂಡುಗಳಲ್ಲಿ ಓಡಿದ್ದರು. ಭಾಗಿಸಿ ನೋಡಿದರೆ ನೂರು ಮೀಟರಿಗೆ 9.57 ಸೆಕೆಂಡು! ಎಂದರೆ, ಮುಂದೆ ಸ್ಥಾಪಿಸಲಿದ್ದ ದಾಖಲೆಯನ್ನು ಅವರು ಮೊದಲೇ ಮುರಿದಂತಾಯಿತು. ಈ ವಿಚಿತ್ರವನ್ನು ಯಾರೂ ದಾಖಲೆಯೆಂದು ಕರೆಯಲಿಲ್ಲ.

ದಾಖಲೆಗೆ ಬೆಲೆ ಬರುವುದು ಎಲ್ಲರಿಗೂ ಒಂದೇ ಅಳತೆ ಇದ್ದಾಗ. ಬೆನ್ನ ಹಿಂದಿನ ಗಾಳಿಯ ವೇಗವು ಸೆಕೆಂಡಿಗೆ ಎರಡು ಮೀಟರನ್ನು ಮೀರಿದರೆ ನೂರು ಮೀಟರ್ ಓಟದ ದಾಖಲೆ ಸಲ್ಲುವುದಿಲ್ಲ. ಬರ್ಲಿನ್ನಿನಲ್ಲಿ ಅದು 0.9 ಮೀಟರ್ ಇತ್ತು. ಗಾಳಿಯ ನೆರವನ್ನೇ ಇಷ್ಟು ಕಟ್ಟುನಿಟ್ಟಾಗಿ ಲೆಕ್ಕಿಸುವಲ್ಲಿ ಎರಡು ಕೋಣಗಳ ಸೆಳೆತವನ್ನು ಮರೆಯಬಹುದೇ? ಹಾಗೆಯೇ, ಕೆಸರಿನಲ್ಲಿ ಕಾಲೂರಿ ಓಡುವ ಕಷ್ಟವನ್ನು ಬರ್ಲಿನ್ನಿನ ನಯವಾದ ಹಾದಿಯೂ ಅರಿಯದು. ಕಂಬಳದ ಗದ್ದೆಗಳ ಉದ್ದವಾದರೋ ಊರಿಂದ ಊರಿಗೆ ಬೇರೆ.

ಈ ಗದ್ದಲದಲ್ಲಿ ವಿವೇಕವನ್ನು ತೋರಿದವರು ಗೌಡರೇ. ಬೆಂಗಳೂರಿನಲ್ಲಿ ಓಟದ ಪರೀಕ್ಷೆಗೆ ಕರೆ ಬಂದರೂ ಅವರು ಅದಕ್ಕೆ ಇಳಿಯಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಬಲ, ಪಂದ್ಯದ ಓಟದಲ್ಲಿ ಕಾಲ್ಬೆರಳುಗಳ ಬಲ. ಎರಡೂ ಬೇರೆ ಎಂದು ವಿವರಿಸಿದರು. ಗೆಲುವಿನಲ್ಲಿ ಕೋಣಗಳ ಪಾಲನ್ನೂ ಮರೆಯಲಿಲ್ಲ. ಎರವಲು ಕಿರೀಟವನ್ನು ಒಲ್ಲೆನೆನ್ನುವುದಕ್ಕೆ ಓಡುವುದಕ್ಕಿಂತ ಹೆಚ್ಚಿನ ಶಕ್ತಿ ಬೇಕು.

ಪ್ರತಿಯೊಂದು ಆಟಕ್ಕೂ ಅದರದೇ ಆದ ಅಳತೆಗೋಲುಂಟು. ಮೇಡ್ಲೇರಿಯಿರುವ ರಾಣೆಬೆನ್ನೂರು ಸೀಮೆಯಲ್ಲಿ, ಹಾವೇರಿ ಜಿಲ್ಲೆಯ ಉದ್ದಗಲಕ್ಕೂ, ಹೋರಿ ಬೆದರಿಸುವ ಸ್ಪರ್ಧೆ ಹೆಸರಾದುದು. ಕೊಬ್ಬರಿ ಹಾರ ತೊಟ್ಟ ಹೋರಿ ಜನಸಂದಣಿಯ ನಡುವೆ ನುಗ್ಗುತ್ತದೆ. ಹಾರವನ್ನು ಹರಿಯಲು ಯುವಕರು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದೆ ಪಾರಾದ ಹೋರಿಯ ಹೆಸರು ಊರೂರುಗಳಲ್ಲಿ ಉಳಿಯುತ್ತದೆ. ಅದು ಎಷ್ಟು ಸೆಕೆಂಡಿನಲ್ಲಿ ಓಡಿತೆಂದು ಅಲ್ಲಿ ಕೇಳುವವರಿಲ್ಲ. ಕೇಳದಿದ್ದರಿಂದ ಆ ಹೋರಿಯ ಹಿರಿಮೆಗೆ ಕುಂದೇನೂ ಬಂದಿಲ್ಲ.

ಹಳ್ಳಿಯ ಯುವಕರು ಬರ್ಲಿನ್ನಿನಂಥ ಕಣದಲ್ಲಿ ಓಡಲಾರರೆಂದು ಇದರ ಅರ್ಥವಲ್ಲ. ಓಡಬೇಕಾದರೆ ಅವರಿಗೆ ಎಳೆಯ ವಯಸ್ಸಿನಲ್ಲಿಯೇ ಅಳತೆಯ ಓಟದ ಹಾದಿ, ನುರಿತ ಶಿಕ್ಷಕ, ನಂಬತಕ್ಕ ಗಡಿಯಾರ ದೊರೆಯಬೇಕು. ಒಂದು ವಾರದ ಹೊಗಳಿಕೆ ಇವುಗಳಲ್ಲಿ ಒಂದನ್ನೂ ಒದಗಿಸುವುದಿಲ್ಲ. ಎಲ್ಲವೂ ಆಗಲೇ ದೊರೆತಿದೆಯೆಂಬ ಭ್ರಮೆಯನ್ನು ಮಾತ್ರ ಹುಟ್ಟಿಸುತ್ತದೆ. ಕಂಬಳದ ವೀರನನ್ನು ಕಂಬಳದ ವೀರನೆಂದೇ ಗೌರವಿಸುವುದು, ಓಡಬಲ್ಲ ಮಕ್ಕಳಿಗೆ ಓಡುವ ಹಾದಿಯನ್ನು ಕಟ್ಟಿಕೊಡುವುದು, ಈ ಎರಡೂ ನಾಡಿನ ಕರ್ತವ್ಯ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮರೆಯಲಾಗದು.