ಶಾಂತಿಯೂ ಒಂದು ಋಣ

ಯುದ್ಧದ ಮಾತನ್ನು ಮಕ್ಕಳ ಕಿವಿಗೆ ಹಾಕುವುದು ಅಹಿಂಸಾಧರ್ಮಕ್ಕೆ ಒಪ್ಪುವುದಿಲ್ಲವೆಂದು ವಾದಿಸುವವರು ಸಮಾಜದಲ್ಲಿ ಕಡಿಮೆಯಿಲ್ಲ. ಈ ವಾದವು ಕೇಳಲು ಹಿತವಾಗಿದೆ. ಆದರೆ ಇದಕ್ಕೆ ಶಾಸ್ತ್ರದ ಬೆಂಬಲವೂ ಇಲ್ಲ, ಚರಿತ್ರೆಯ ಬೆಂಬಲವೂ ಇಲ್ಲ.

ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಕ್ರಿ.ಶ. 981ರ ಸುಮಾರಿಗೆ ಪ್ರತಿಷ್ಠಾಪಿಸಿದ ಚಾವುಂಡರಾಯನು ಗಂಗರ ದಂಡನಾಯಕ. ರಣರಂಗವನ್ನು ಕಣ್ಣಾರೆ ಕಂಡ ಆ ವೀರನು ಕಡೆಯಿಸಿದ್ದು ಸಿಂಹಾಸನವೇರಿದ ವಿಜಯಿಯನ್ನಲ್ಲ, ಗೆದ್ದುದೆಲ್ಲವನ್ನೂ ತೊರೆದು ನಿಂತ ವಿರಾಗಿಯನ್ನು. ಯುದ್ಧವೆಂದರೇನೆಂದು ತಿಳಿಯದ ಮಗುವಿಗೆ ಆ ತ್ಯಾಗದ ಬೆಲೆ ತಿಳಿಯುವುದೆಂತು?

ನಮ್ಮ ಅನೇಕ ಪಾಠಶಾಲೆಗಳಲ್ಲಿ ಭರತ-ಬಾಹುಬಲಿಯರ ಕಥೆಯು ಕುಸ್ತಿಯ ಪಂದ್ಯದಂತೆ ಮುಗಿದುಹೋಗುತ್ತದೆ. ಗೆದ್ದವರಾರೆಂದು ಕೇಳಿದರೆ ಮಕ್ಕಳು ಒಕ್ಕೊರಲಿನಿಂದ ಉತ್ತರಿಸುತ್ತಾರೆ. ಉಳಿದವರಾರೆಂದು ಯಾರೂ ಕೇಳುವುದಿಲ್ಲ. ಎರಡು ಸೇನೆಗಳು ಎದುರುಬದುರಾಗಿ ನಿಂತಿದ್ದವು. ಅಣ್ಣತಮ್ಮಂದಿರ ಜಗಳಕ್ಕೆ ಪ್ರಜೆಗಳ ರಕ್ತ ಹರಿಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಆ ವಿವೇಕದಿಂದ ಅಸಂಖ್ಯ ಸೈನಿಕರು ತಮ್ಮ ಮಕ್ಕಳ ಬಳಿಗೆ ಮರಳಿದರು. ಕಥೆಯ ಈ ಭಾಗವೇ ಬಾಲಕರಿಗೆ ಮೊದಲು ತಲುಪಬೇಕಾದುದು. ಸೋತ ಭರತನು ಒಪ್ಪಂದವನ್ನು ಮರೆತು ಚಕ್ರವನ್ನು ಪ್ರಯೋಗಿಸಿದ್ದನ್ನೂ ಮುಚ್ಚಿಡಬಾರದು. ಅಹಂಕಾರವು ಕರಗದಿದ್ದರೆ ಯಾವ ಕರಾರೂ ಶಾಂತಿಯನ್ನು ಕಾಯಲಾರದು.

ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದ ಪರಂಪರೆ ನಮ್ಮದು. ಆತ್ಮರಕ್ಷಣೆಯ ಹಿಂಸೆಯು ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿದ್ದಲ್ಲವೆಂದು ಒಪ್ಪಿಯೂ, ಅದನ್ನು ಹಿಂಸೆಯೆಂದೇ ಕರೆದರು. ಯುದ್ಧವನ್ನು ಅವರು ಮರೆಮಾಚಲಿಲ್ಲ, ಮೆರೆಸಲೂ ಇಲ್ಲ. ಇಂದಿನ ತಂದೆತಾಯಿಗಳಾದರೋ ಒಂದು ಕಡೆ ಯುದ್ಧದ ಪಾಠ ಬೇಡವೆನ್ನುತ್ತಾರೆ, ಮತ್ತೊಂದು ಕಡೆ ಆಟಿಕೆಯ ಬಂದೂಕನ್ನು ತಾವೇ ಕೊಂಡುಕೊಡುತ್ತಾರೆ. ಇದು ಅಹಿಂಸೆಯಲ್ಲ, ಅಲಕ್ಷ್ಯ.

ಬೆಂಗಳೂರೆಂಬ ಹೆಸರಿನ ಅತಿ ಪ್ರಾಚೀನ ಉಲ್ಲೇಖವೆಂದು ಹೇಳಲಾಗುವ ಬೇಗೂರಿನ ಶಾಸನವು ಸುಮಾರು ಕ್ರಿ.ಶ. 900ರದು. ಅದು ಹೇಳುವುದು ಯಾವ ಸಂತೆಯ ಸಂಗತಿಯನ್ನೂ ಅಲ್ಲ, ಬೆಂಗಳೂರಿನ ಕಾಳಗವೊಂದರಲ್ಲಿ ಸಂಭವಿಸಿದ ಮರಣವನ್ನು. ಇಂದು ಅದೇ ನಗರದಲ್ಲಿ ಸಾವಿರಾರು ವರ್ತಕರು ನಿರ್ಭಯವಾಗಿ ಅಂಗಡಿ ತೆರೆಯುತ್ತಾರೆ. ಸಾಲಪತ್ರಕ್ಕೆ ತಪ್ಪದೆ ಬಡ್ಡಿ ಕಟ್ಟುವ ವರ್ತಕನು ಈ ನೆಮ್ಮದಿಯನ್ನು ಮಾತ್ರ ಯಾವ ಖಾತೆಯಲ್ಲೂ ಬರೆದುಕೊಳ್ಳುವುದಿಲ್ಲ. ಜೀವಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂದು ಸಾರಿದ ತತ್ತ್ವಾರ್ಥಸೂತ್ರವನ್ನು ಪಠಿಸುವವರಿಗೆ ಈ ಮರೆವು ಸಲ್ಲದು.

ಸ್ಮರಣೆಯು ದ್ವೇಷವನ್ನು ಕೆದಕೀತೆಂಬ ಅಂಜಿಕೆಯಲ್ಲಿ ಹುರುಳಿಲ್ಲದಿಲ್ಲ. ಆದುದರಿಂದಲೇ ಅದು ಕ್ಷಮೆಯೊಡನೆ ಸಾಗಬೇಕು. ದಶಲಕ್ಷಣ ಪರ್ವದ ಉತ್ತಮಕ್ಷಮೆಯ ದಿನದಂದು ಬಸದಿಯ ಆಡಳಿತ ಮಂಡಳಿಗಳು ಮಕ್ಕಳನ್ನು ಊರಿನ ವೀರಗಲ್ಲಿನ ಬಳಿಗೆ ಕರೆದೊಯ್ಯಲಿ. ಮಡಿದವನಿಗೂ ಅವನನ್ನು ಕೊಂದವನಿಗೂ ಮನೆಗಳಿದ್ದವೆಂದು ಹಿರಿಯರು ತಿಳಿಸಲಿ. ಇದಕ್ಕೆ ಬೇಕಾದುದು ಶಾಮಿಯಾನವಲ್ಲ, ದೇಣಿಗೆಯಲ್ಲ. ಅರ್ಧ ದಿನದ ಬಿಡುವು ಮತ್ತು ಕಥೆಯನ್ನು ಪೂರ್ತಿಯಾಗಿ ಹೇಳುವ ಪ್ರಾಮಾಣಿಕತೆ.