ಶವಯಾತ್ರೆಯ ದಾರಿಯಲ್ಲಿ

ಇರಾಕಿನಲ್ಲಿ ಮಡಿದ ತರುಣ ಸೈನಿಕನೊಬ್ಬನ ಅಂತ್ಯಕ್ರಿಯೆ ೨೦೦೬ರ ಮಾರ್ಚಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ನಡೆಯಿತು. ಇಗರ್ಜಿಯಿಂದ ಸುಮಾರು ಸಾವಿರ ಅಡಿ ದೂರದಲ್ಲಿ, ಕ್ಯಾನ್ಸಸಿನ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಪಂಗಡದ ಏಳು ಮಂದಿ, ಸೈನಿಕರ ಸಾವಿಗಾಗಿ ದೇವರನ್ನು ವಂದಿಸುವ ಫಲಕಗಳನ್ನು ಹಿಡಿದು ನಿಂತಿದ್ದರು. ಸಲಿಂಗಪ್ರೇಮವನ್ನು ಸಹಿಸಿದ ದೇಶಕ್ಕೆ ಇದು ದೈವದಂಡನೆಯೆಂಬುದು ಅವರ ವಾದ. ಆ ಹುಡುಗನ ಪರಿಚಯವೂ ಅವರಿಗಿರಲಿಲ್ಲ.

ನೊಂದ ತಂದೆ ನ್ಯಾಯಾಲಯದ ಮೊರೆಹೊಕ್ಕರು. ೨೦೧೧ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಒಬ್ಬ ನ್ಯಾಯಮೂರ್ತಿಯ ಭಿನ್ನಮತವನ್ನುಳಿದು, ಎಂಟು ಮಂದಿಯ ಬಹುಮತದಿಂದ ವಾಕ್‌ಸ್ವಾತಂತ್ರ್ಯದ ಪಕ್ಷವನ್ನೇ ಹಿಡಿಯಿತು. ತೀರ್ಪಿನ ವಿಷಯವನ್ನೋದಿ ನನ್ನ ಮನಸ್ಸು ಕುದಿಯಿತೆಂಬುದು ನಿಜ. ಆದರೆ ಅಪ್ರಿಯವಾದ ಮಾತನ್ನು ಅಡಗಿಸುವ ಅಧಿಕಾರವನ್ನು ಸರ್ಕಾರದ ಕೈಗಿತ್ತರೆ, ಅದು ನಾಳೆ ಯಾರ ಬಾಯಿಯನ್ನು ಮುಚ್ಚೀತು? ಈ ಶಂಕೆಯೂ ನನ್ನನ್ನು ಬಿಡಲಿಲ್ಲ.

ಹಾಗಾದರೆ ಶೋಕತಪ್ತರಿಗೆ ದಿಕ್ಕು ಯಾರು? ಉತ್ತರವಿತ್ತವರು ಜನರೇ. ೨೦೧೬ರಲ್ಲಿ ಒರ್ಲ್ಯಾಂಡೋ ನಗರದಲ್ಲಿ ಸಲಿಂಗಪ್ರೇಮಿಗಳು ಕೂಡುತ್ತಿದ್ದ ವಿಹಾರಗೃಹವೊಂದರಲ್ಲಿ ೪೯ ಮಂದಿ ಗುಂಡಿಗೆ ಬಲಿಯಾದಾಗ ಇದೇ ಪಂಗಡದವರು ಅಲ್ಲಿಗೂ ಬಂದರು. ಆಗ ಕೆಲವರು ಬಿಳಿಬಟ್ಟೆಯ ದೊಡ್ಡ ರೆಕ್ಕೆಗಳನ್ನು ತೊಟ್ಟು, ದೇವದೂತರಂತೆ ಆ ಫಲಕಗಳಿಗೆ ಮರೆಯಾಗಿ ನಿಂತರು. ಬೈಗುಳಕ್ಕೆ ಬೈಗುಳವನ್ನು ಹಿಂತಿರುಗಿಸಲಿಲ್ಲ. ದುಃಖಿತರ ಕಣ್ಣಿಗೆ ದ್ವೇಷ ಬೀಳದಂತೆ ನೋಡಿಕೊಂಡರು, ಅಷ್ಟೆ.

ಮಾತನಾಡುವ ಹಕ್ಕನ್ನು ಕಾನೂನು ಕಾಯಬಲ್ಲದು. ಹೆಣದ ಮುಂದೆ ಆಡಬಾರದ್ದು ಯಾವುದೆಂಬ ವಿವೇಕವನ್ನು ಅದು ಕಲಿಸಲಾರದು. ಆ ವಿವೇಕ ಸತ್ತ ಕಡೆ, ನೊಂದವರಿಗೂ ನಿಂದಕರಿಗೂ ನಡುವೆ ಮೌನವಾಗಿ ಹೋಗಿ ನಿಲ್ಲುವುದು ನೆರೆಹೊರೆಯವರ ಧರ್ಮ. ಕಾನೂನು ಕೈಚೆಲ್ಲಿತೆಂದು ನಾವೂ ಕೈಕಟ್ಟಿ ಕೂರಬೇಕಾಗಿಲ್ಲ.